ವಿಲ್ಹೆಲ್ಮ್ ಫೆಲ್ಡ್‌ಬರ್ಗ್

ವಿಲ್ಹೆಲ್ಮ್ ಸೀಗ್ಮಂಡ್ ಫೆಲ್ಡ್‌ಬರ್ಗ್ (೧೯ ನವೆಂಬರ್ ೧೯೦೦ – ೨೩ ಅಕ್ಟೋಬರ್ ೧೯೯೩) ಜರ್ಮನಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಶರೀರಕ್ರಿಯಾ ವಿಜ್ಞಾನಿ ಮತ್ತು ಔಷಧಶಾಸ್ತ್ರಜ್ಞರು. ನರಗಳು ತಮ್ಮ ಸಂದೇಶವನ್ನು ರಾಸಾಯನಿಕ ವಸ್ತುಗಳ ಮೂಲಕ ದಾಟಿಸುತ್ತವೆ ಎಂಬುದನ್ನು ಪ್ರಯೋಗಗಳಿಂದ ಸ್ಥಾಪಿಸಿದವರಲ್ಲಿ ಇವರು ಪ್ರಮುಖರು. ಮಿದುಳಿನ ಹೈಪೊಥಾಲಮಸ್ ಭಾಗದಲ್ಲಿರುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಮೊದಲಾದ ವಸ್ತುಗಳು ದೇಹದ ಉಷ್ಣತೆಯನ್ನು ಏರಿಳಿಸುತ್ತವೆ ಎಂಬ ಸಿದ್ಧಾಂತವನ್ನು ೧೯೬೩ರಲ್ಲಿ ಆರ್. ಡಿ. ಮೈಯರ್ಸ್ ಅವರೊಡನೆ ಮಂಡಿಸಿದರು. ಅರಿವಳಿಕೆ ಔಷಧಗಳನ್ನು ಕೊಟ್ಟಾಗ ಮೈ ತಣ್ಣಗಾಗುವುದು ಏಕೆ ಎಂಬ ಪ್ರಶ್ನೆಯನ್ನು ಮಿದುಳಿನ ರಾಸಾಯನಿಕಗಳ ನೆಲೆಯಿಂದ ವಿಚಾರಿಸಿದವರಲ್ಲಿಯೂ ಇವರು ಮೊದಲಿಗರ ಸಾಲಿಗೆ ಸೇರುತ್ತಾರೆ. ಯೆಹೂದಿ ಮೂಲದವರೆಂಬ ಕಾರಣಕ್ಕೆ ೧೯೩೩ರಲ್ಲಿ ಬರ್ಲಿನ್ನಿನ ಹುದ್ದೆಯಿಂದ ಹೊರಹಾಕಲ್ಪಟ್ಟ ಇವರು ೧೯೪೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಬಾಲ್ಯ ಮತ್ತು ಶಿಕ್ಷಣ

ಫೆಲ್ಡ್‌ಬರ್ಗ್ ಅವರು ಜರ್ಮನಿಯ ಹ್ಯಾಂಬರ್ಗ್ ನಗರದ ಅನುಕೂಲಸ್ಥ ಯೆಹೂದಿ ವರ್ತಕ ಕುಟುಂಬದಲ್ಲಿ ಜನಿಸಿದರು. ಹೈಡಲ್‌ಬರ್ಗ್, ಮ್ಯೂನಿಕ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ೧೯೨೫ರಲ್ಲಿ ವೈದ್ಯಪದವಿ ಪಡೆದರು. ವೈದ್ಯವೃತ್ತಿಗಿಂತ ಸಂಶೋಧನೆಯೇ ಅವರಿಗೆ ಪ್ರಿಯವಾಗಿತ್ತು. ಅದೇ ವರ್ಷ ವಿವಾಹವಾಗಿ ಇಂಗ್ಲೆಂಡಿಗೆ ತೆರಳಿ, ಕೇಂಬ್ರಿಜ್‌ನಲ್ಲಿ ಸ್ವಾಯತ್ತ ನರವ್ಯೂಹದ ಅಧ್ಯಯನಕ್ಕೆ ಹೆಸರಾಗಿದ್ದ ಜಾನ್ ಲ್ಯಾಂಗ್ಲಿ ಅವರ ಬಳಿ ಕೆಲಸಕ್ಕೆ ಸೇರಿದರು. ಲ್ಯಾಂಗ್ಲಿ ಅವರು ಅದೇ ವರ್ಷದ ಕೊನೆಯಲ್ಲಿ ನಿಧನರಾದರು. ಆ ಬಳಿಕ ಫೆಲ್ಡ್‌ಬರ್ಗ್ ಜೋಸೆಫ್ ಬಾರ್‌ಕ್ರಾಫ್ಟ್ ಅವರೊಡನೆಯೂ, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಹೆನ್ರಿ ಡೇಲ್ ಅವರೊಡನೆಯೂ ಕೆಲಸ ಮಾಡಿದರು. ಡೇಲ್ ಅವರೊಂದಿಗೆ ಆಗ ಬೆಳೆದ ಪರಿಚಯವು ಮುಂದೆ ಅವರ ಬದುಕನ್ನೇ ಉಳಿಸಿತು.

ಬರ್ಲಿನ್ನಿನ ವರ್ಷಗಳು

೧೯೨೭ರಲ್ಲಿ ಬರ್ಲಿನ್ನಿಗೆ ಹಿಂದಿರುಗಿದ ಫೆಲ್ಡ್‌ಬರ್ಗ್ ಅಲ್ಲಿನ ಶರೀರಕ್ರಿಯಾ ಸಂಸ್ಥೆಯಲ್ಲಿ ಸಂಶೋಧನೆ ಆರಂಭಿಸಿದರು. ಅಲರ್ಜಿಯ ತೀವ್ರ ಪ್ರತಿಕ್ರಿಯೆಗಳಲ್ಲಿ ಪಾತ್ರ ವಹಿಸುವ ಹಿಸ್ಟಮಿನ್ ಎಂಬ ವಸ್ತು ಅವರ ಮೊದಲ ಮುಖ್ಯ ವಿಷಯವಾಗಿತ್ತು. ಎರಿಕ್ ಶಿಲ್ಫ್ ಅವರೊಂದಿಗೆ ಅವರು ಬರೆದ ಹಿಸ್ಟಮಿನ್ ಕುರಿತ ಜರ್ಮನ್ ಗ್ರಂಥವು ೧೯೩೦ರಲ್ಲಿ ಪ್ರಕಟವಾಯಿತು.

ಇದೇ ಕಾಲದಲ್ಲಿ ಅವರ ಸಹೋದ್ಯೋಗಿ ಬ್ರೂನೋ ಮಿಂಟ್ಸ್ ಅವರು ಜಿಗಣೆಯ ಬೆನ್ನಿನ ಸ್ನಾಯುವನ್ನು ಬಳಸಿ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಅಳೆಯುವ ವಿಧಾನವನ್ನು ರೂಪಿಸಿದರು. ಅಸಿಟೈಲ್‌ಕೋಲಿನ್ ದೇಹದಲ್ಲಿ ಕ್ಷಣಮಾತ್ರದಲ್ಲಿ ಒಡೆದುಹೋಗುವುದರಿಂದ ಅದನ್ನು ಹಿಡಿದು ತೋರಿಸುವುದು ಬಹಳ ಕಷ್ಟವಾಗಿತ್ತು. ಎಸೆರಿನ್ ಎಂಬ ಔಷಧವು ಈ ಒಡೆಯುವಿಕೆಯನ್ನು ತಡೆಯುತ್ತದೆ. ಎಸೆರಿನ್ ಹಾಕಿದ ಜಿಗಣೆ ಸ್ನಾಯು ಅತ್ಯಲ್ಪ ಪ್ರಮಾಣದ ಅಸಿಟೈಲ್‌ಕೋಲಿನ್ನಿಗೂ ಸಂಕೋಚನಗೊಳ್ಳುತ್ತದೆ. ಸರಳವಾದ ಈ ಸಾಧನವನ್ನು ಕೈವಶ ಮಾಡಿಕೊಂಡಿದ್ದ ಕೆಲವೇ ಮಂದಿಯಲ್ಲಿ ಫೆಲ್ಡ್‌ಬರ್ಗ್ ಒಬ್ಬರಾಗಿದ್ದರು.

೧೯೩೩ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಏಪ್ರಿಲ್ ತಿಂಗಳಲ್ಲಿ ಯೆಹೂದಿಗಳನ್ನು ಸರ್ಕಾರಿ ಸೇವೆಯಿಂದ ತೆಗೆಯುವ ಕಾನೂನು ಜಾರಿಯಾಯಿತು. ಪ್ರಯೋಗದ ನಡುವೆ ಇದ್ದ ಫೆಲ್ಡ್‌ಬರ್ಗ್ ಅವರನ್ನು ಸಂಸ್ಥೆಯ ನಿರ್ದೇಶಕರು ಕರೆಸಿ, ಅದೇ ದಿನ ಸಂಸ್ಥೆಯನ್ನು ಬಿಟ್ಟು ಹೋಗಬೇಕೆಂದು ತಿಳಿಸಿದರು. ಆಗ ಅವರಿಗೆ ಮೂವತ್ತೆರಡು ವರ್ಷ, ಸಂಸಾರಸ್ಥರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಪ್ರತಿನಿಧಿಯೊಬ್ಬರು ಆಗ ಬರ್ಲಿನ್ನಿಗೆ ಬಂದಿದ್ದರು. ಫೆಲ್ಡ್‌ಬರ್ಗ್ ಕೆಲಸ ಕಳೆದುಕೊಂಡರೆ ತಮ್ಮ ಬಳಿ ಕಳುಹಿಸಬೇಕೆಂದು ಡೇಲ್ ಅವರು ಈ ಪ್ರತಿನಿಧಿಗೆ ಮುಂಚಿತವಾಗಿಯೇ ಹೇಳಿದ್ದರು. ಹೀಗೆ ಆ ವರ್ಷವೇ ಅವರು ಕುಟುಂಬದೊಡನೆ ಲಂಡನ್ ಸೇರಿದರು.

ನರಸಂದೇಶದ ರಾಸಾಯನಿಕ ವಾಹಕ

೧೯೩೩ರಿಂದ ೧೯೩೬ರವರೆಗೆ ಡೇಲ್ ಅವರ ಪ್ರಯೋಗಾಲಯದಲ್ಲಿ ನಡೆದ ಕಾರ್ಯವು ನರವಿಜ್ಞಾನದ ಇತಿಹಾಸದಲ್ಲಿ ಒಂದು ಘಟ್ಟವೆನಿಸಿದೆ. ಆಸ್ಟ್ರಿಯಾದ ಓಟ್ಟೋ ಲೋವಿ ಅವರು ಹೃದಯಕ್ಕೆ ಹೋಗುವ ನರವು ರಾಸಾಯನಿಕವೊಂದನ್ನು ಹೊರಬಿಡುತ್ತದೆ ಎಂದು ೧೯೨೧ರಲ್ಲಿಯೇ ತೋರಿಸಿದ್ದರು. ಆದರೆ ಇತರ ನರಗಳಲ್ಲಿಯೂ ಹೀಗೆಯೇ ನಡೆಯುತ್ತದೆಯೇ ಎಂಬುದು ತಿಳಿದಿರಲಿಲ್ಲ. ಫೆಲ್ಡ್‌ಬರ್ಗ್ ಬರ್ಲಿನ್ನಿನಿಂದ ತಂದ ಜಿಗಣೆ ಸ್ನಾಯುವಿನ ವಿಧಾನವು ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ತೆರೆಯಿತು.

ಜಾನ್ ಗ್ಯಾಡಮ್ ಅವರೊಡನೆ ಅವರು ನರಗ್ರಂಥಿಗಳ ಸಂಧಿಸ್ಥಾನಗಳಲ್ಲಿ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದನ್ನು ತೋರಿಸಿದರು (೧೯೩೪). ಡೇಲ್ ಅವರೊಡನೆ ಬೆವರುಗ್ರಂಥಿಗಳಿಗೆ ಹೋಗುವ ನರಗಳಲ್ಲಿಯೂ ಅದೇ ವಸ್ತು ಕೆಲಸ ಮಾಡುತ್ತದೆಂದು ಸಿದ್ಧಪಡಿಸಿದರು. ಡೇಲ್ ಮತ್ತು ಮಾರ್ಥೆ ವೋಗ್ಟ್ ಅವರೊಡನೆ ೧೯೩೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಚ್ಛಾನುಸಾರ ಚಲಿಸುವ ಸ್ನಾಯುಗಳ ನರತುದಿಗಳೂ ಅಸಿಟೈಲ್‌ಕೋಲಿನ್ನನ್ನು ಹೊರಬಿಡುತ್ತವೆ ಎಂದು ತೋರಿಸಿದರು. ಕ್ಯುರಾರೆ ವಿಷವನ್ನು ಕೊಟ್ಟು ಸ್ನಾಯುವನ್ನು ನಿಶ್ಚಲಗೊಳಿಸಿದರೂ ನರದ ತುದಿಯಿಂದ ಈ ವಸ್ತು ಬರುತ್ತಲೇ ಇತ್ತು. ಅಂದರೆ ಕ್ಯುರಾರೆ ನರವನ್ನು ತಡೆಯುವುದಿಲ್ಲ, ಸ್ನಾಯು ಸಂದೇಶವನ್ನು ಸ್ವೀಕರಿಸುವುದನ್ನು ತಡೆಯುತ್ತದೆ. ೧೯೪೨ರಿಂದ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಕ್ಯುರಾರೆಯ ಬಳಕೆ ಆರಂಭವಾದಾಗ ಈ ತಿಳಿವಳಿಕೆ ನೇರವಾಗಿ ಪ್ರಯೋಜನಕ್ಕೆ ಬಂದಿತು.

ನರಸಂದೇಶವು ವಿದ್ಯುತ್ತಿನಿಂದಲೇ ದಾಟುತ್ತದೆ ಎಂದು ಜಾನ್ ಎಕ್ಲ್ಸ್ ಮೊದಲಾದವರು ಬಹುಕಾಲ ವಾದಿಸಿದರು. ೧೯೫೦ರ ದಶಕದ ಆರಂಭದಲ್ಲಿ ಎಕ್ಲ್ಸ್ ಸ್ವತಃ ತಮ್ಮ ಪ್ರಯೋಗಗಳಿಂದ ರಾಸಾಯನಿಕ ವಾದವನ್ನು ಒಪ್ಪಿಕೊಂಡರು. ಡೇಲ್ ಮತ್ತು ಲೋವಿ ಅವರಿಗೆ ೧೯೩೬ರ ನೊಬೆಲ್ ಪ್ರಶಸ್ತಿ ದೊರೆತುದರಲ್ಲಿ ಫೆಲ್ಡ್‌ಬರ್ಗ್ ಅವರ ಪ್ರಯೋಗಗಳ ಪಾಲು ದೊಡ್ಡದು.

ಆಸ್ಟ್ರೇಲಿಯಾ ಮತ್ತು ಕೇಂಬ್ರಿಜ್

೧೯೩೬ರಲ್ಲಿ ಫೆಲ್ಡ್‌ಬರ್ಗ್ ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಗೆ ತೆರಳಿದರು. ಅಲ್ಲಿ ಚಾರ್ಲ್ಸ್ ಕೆಲ್ಲವೇ ಅವರೊಡನೆ ಹಾವಿನ ವಿಷದ ಪರಿಣಾಮಗಳನ್ನು ಅಧ್ಯಯನ ಮಾಡಿದರು. ನಾಗರಹಾವಿನ ಜಾತಿಯ ವಿಷವನ್ನು ಗಿನಿಯಿಲಿಯ ಶ್ವಾಸಕೋಶದ ಮೂಲಕ ಹಾಯಿಸಿದಾಗ, ಹಿಸ್ಟಮಿನ್‌ಗಿಂತ ನಿಧಾನವಾಗಿ ಸ್ನಾಯುವನ್ನು ಸಂಕೋಚಿಸುವ ಮತ್ತೊಂದು ವಸ್ತು ಹೊರಬರುವುದನ್ನು ೧೯೩೮ರಲ್ಲಿ ವರದಿ ಮಾಡಿದರು. ಅಲರ್ಜಿ ಪ್ರತಿಕ್ರಿಯೆಯಲ್ಲಿಯೂ ಇಂತಹ ವಸ್ತು ಬಿಡುಗಡೆಯಾಗುವುದನ್ನು ನಂತರದ ಸಂಶೋಧಕರು ಕಂಡರು. ಸುಮಾರು ನಾಲ್ಕು ದಶಕಗಳ ಬಳಿಕ ಅದನ್ನು ಲ್ಯೂಕೋಟ್ರೈನ್ ಎಂದು ಗುರುತಿಸಲಾಯಿತು. ಇಂದು ಅಸ್ತಮಾ ರೋಗಿಗಳಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯು ಲ್ಯೂಕೋಟ್ರೈನ್‌ಗಳನ್ನು ತಡೆಯುವ ಔಷಧವಾಗಿದೆ.

೧೯೩೮ರಲ್ಲಿ ಕೇಂಬ್ರಿಜ್‌ಗೆ ಬಂದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯೇ ಅಧ್ಯಾಪನ ಮತ್ತು ಸಂಶೋಧನೆಯಲ್ಲಿ ತೊಡಗಿದ್ದರು. ಮಿದುಳಿನ ಯಾವ ಯಾವ ಭಾಗಗಳು ಅಸಿಟೈಲ್‌ಕೋಲಿನ್ನನ್ನು ತಯಾರಿಸಬಲ್ಲವು ಎಂಬುದನ್ನು ಮಾರ್ಥೆ ವೋಗ್ಟ್ ಅವರೊಡನೆ ೧೯೪೮ರಲ್ಲಿ ಪ್ರಕಟಿಸಿದರು. ದೇಹದ ಅಂಚಿನ ನರಗಳಿಂದ ಮಿದುಳಿನ ಕಡೆಗೆ ಅವರ ಗಮನ ಹೊರಳಿದ್ದು ಈ ಕಾಲದಲ್ಲಿ.

ಮಿಲ್ ಹಿಲ್ ಮತ್ತು ಮಿದುಳಿನ ಒಳದಾರಿ

೧೯೪೯ರಲ್ಲಿ ಫೆಲ್ಡ್‌ಬರ್ಗ್ ಅವರು ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಶರೀರಕ್ರಿಯಾ ವಿಭಾಗದ ಮುಖ್ಯಸ್ಥರಾದರು. ಸಂಸ್ಥೆಯು ಆ ವೇಳೆಗೆ ಲಂಡನ್ನಿನ ಉತ್ತರಕ್ಕಿರುವ ಮಿಲ್ ಹಿಲ್‌ನ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಳ್ಳುತ್ತಿತ್ತು. ಮುಂದಿನ ನಾಲ್ಕು ದಶಕಗಳ ಅವರ ಕಾರ್ಯಕ್ಷೇತ್ರ ಅದೇ ಆಯಿತು. ಮಾರ್ಫಿನ್ ಮತ್ತು ಅದರ ಬಳಗದ ಔಷಧಗಳು ದೇಹದಲ್ಲಿ ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ ಎಂಬುದನ್ನು ವಿಲಿಯಂ ಪ್ಯಾಟನ್ ಅವರೊಡನೆ ೧೯೫೧ರಲ್ಲಿ ತೋರಿಸಿದರು.

ರಕ್ತಕ್ಕೆ ಚುಚ್ಚಿದ ಅನೇಕ ವಸ್ತುಗಳು ಮಿದುಳನ್ನು ತಲುಪುವುದಿಲ್ಲ. ರಕ್ತ ಮತ್ತು ಮಿದುಳಿನ ನಡುವಿನ ತಡೆ ಅವುಗಳನ್ನು ಹೊರಗೇ ನಿಲ್ಲಿಸುತ್ತದೆ. ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳು ಇಂಥವೇ. ಮಿದುಳಿನೊಳಗೆ ಕುಹರಗಳೆಂಬ ಪೊಳ್ಳು ಭಾಗಗಳಿದ್ದು, ಅವು ತಿಳಿಯಾದ ದ್ರವದಿಂದ ತುಂಬಿರುತ್ತವೆ. ಈ ಕುಹರಕ್ಕೆ ಔಷಧವನ್ನು ನೇರವಾಗಿ ಸೇರಿಸಿದರೆ ತಡೆಯನ್ನು ದಾಟಿದಂತಾಗುತ್ತದೆ. ಎಸ್. ಎಲ್. ಶೆರ್‌ವುಡ್ ಅವರೊಡನೆ ಫೆಲ್ಡ್‌ಬರ್ಗ್ ಬೆಕ್ಕಿನ ತಲೆಬುರುಡೆಯಲ್ಲಿ ಶಾಶ್ವತವಾಗಿ ಇರಿಸಬಹುದಾದ ಸಣ್ಣ ಲೋಹದ ನಳಿಕೆಯನ್ನು ಬಳಕೆಗೆ ತಂದರು (೧೯೫೩). ಇದರಿಂದ ಅರಿವಳಿಕೆ ನೀಡದೆ, ಎಚ್ಚರದಲ್ಲಿರುವ ಪ್ರಾಣಿಯ ಮಿದುಳಿಗೆ ಔಷಧ ಸೇರಿಸಿ ಅದರ ನಡವಳಿಕೆಯನ್ನೂ ಉಷ್ಣತೆಯನ್ನೂ ಗಮನಿಸುವುದು ಸಾಧ್ಯವಾಯಿತು. ಈ ವಿಧಾನದ ಫಲಗಳನ್ನು ಅವರು ೧೯೬೩ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಸಂಗ್ರಹಿಸಿದರು. ಮಿದುಳನ್ನು ಅದರ ಒಳಮೈ ಮತ್ತು ಹೊರಮೈಗಳಿಂದ ಔಷಧಗಳ ಮೂಲಕ ಪರಿಶೀಲಿಸುವುದೇ ಆ ಗ್ರಂಥದ ವಿಷಯ.

ದೇಹೋಷ್ಣತೆಯ ಸಿದ್ಧಾಂತ

ಮನುಷ್ಯನ ದೇಹದ ಒಳ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರುತ್ತದೆ. ಇದನ್ನು ಕಾಯುವ ಕೇಂದ್ರ ಹೈಪೊಥಾಲಮಸ್. ಮೈ ಬಿಸಿಯಾದರೆ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರನ್ನು ಹರಿಸುತ್ತದೆ. ತಣ್ಣಗಾದರೆ ರಕ್ತನಾಳಗಳನ್ನು ಕುಗ್ಗಿಸಿ ನಡುಕವನ್ನು ಹುಟ್ಟಿಸುತ್ತದೆ. ೧೯೫೪ರಲ್ಲಿ ಮಾರ್ಥೆ ವೋಗ್ಟ್ ಅವರು ಹೈಪೊಥಾಲಮಸ್‌ನಲ್ಲಿ ನಾರ್‌ಅಡ್ರಿನಲಿನ್ ಹೇರಳವಾಗಿರುವುದನ್ನು ಕಂಡಿದ್ದರು. ಸೆರೊಟೋನಿನ್ ಸಹ ಅಲ್ಲಿ ಹೆಚ್ಚಾಗಿರುವುದನ್ನು ಗ್ಯಾಡಮ್ ಮತ್ತು ಸಂಗಡಿಗರು ಅದೇ ವರ್ಷ ವರದಿ ಮಾಡಿದ್ದರು. ಆದರೆ ಅವು ಅಲ್ಲಿ ಏನು ಮಾಡುತ್ತವೆ ಎಂಬುದು ಸ್ಪಷ್ಟವಿರಲಿಲ್ಲ.

ಫೆಲ್ಡ್‌ಬರ್ಗ್ ಮತ್ತು ಅಮೆರಿಕದ ಮೈಯರ್ಸ್ ಅವರು ಈ ವಸ್ತುಗಳನ್ನು ಎಚ್ಚರವಿರುವ ಬೆಕ್ಕುಗಳ ಮಿದುಳಿನ ಕುಹರಕ್ಕೆ ಸೇರಿಸಿದರು. ಸೆರೊಟೋನಿನ್ ಸೇರಿಸಿದಾಗ ಬೆಕ್ಕು ನಡುಗಿ ಅದರ ಉಷ್ಣತೆ ಏರಿತು. ಅಡ್ರಿನಲಿನ್ ಅಥವಾ ನಾರ್‌ಅಡ್ರಿನಲಿನ್ ಸೇರಿಸಿದಾಗ ಉಷ್ಣತೆ ಇಳಿಯಿತು; ಏರಿದ್ದ ಜ್ವರವೂ ತಗ್ಗಿತು. ಹೈಪೊಥಾಲಮಸ್‌ನ ಮುಂಭಾಗಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ನೇರವಾಗಿ ಸೇರಿಸಿದಾಗಲೂ ಇದೇ ಫಲ ಕಂಡಿತು. ಈ ಎರಡು ಬಗೆಯ ವಸ್ತುಗಳ ಬಿಡುಗಡೆಯಲ್ಲಿನ ಸಮತೋಲನವೇ ದೇಹದ ಉಷ್ಣತೆಯನ್ನು ನಿರ್ಧರಿಸುತ್ತದೆ ಎಂದು ಅವರು ೧೯೬೩ರಲ್ಲಿ ಪ್ರತಿಪಾದಿಸಿದರು.

ಈ ಸಿದ್ಧಾಂತಕ್ಕೆ ಬೇಗನೆ ಒಂದು ತೊಡಕು ಎದುರಾಯಿತು. ಕೂಪರ್, ಕ್ರ್ಯಾನ್‌ಸ್ಟನ್ ಮತ್ತು ಆನರ್ ಅವರು ಮೊಲಗಳಲ್ಲಿ ಇದಕ್ಕೆ ವಿರುದ್ಧವಾದ ಫಲವನ್ನು ೧೯೬೫ರಲ್ಲಿ ವರದಿ ಮಾಡಿದರು. ಮೊಲದಲ್ಲಿ ನಾರ್‌ಅಡ್ರಿನಲಿನ್ ಉಷ್ಣತೆಯನ್ನು ಏರಿಸುತ್ತಿತ್ತು. ನಾಯಿ ಮತ್ತು ಕೋತಿಗಳಲ್ಲಿ ಪರಿಣಾಮವು ಬೆಕ್ಕಿನದನ್ನೇ ಹೋಲುತ್ತಿತ್ತು. ಒಂದು ಪ್ರಾಣಿಯಲ್ಲಿ ಕಂಡುದನ್ನು ಎಲ್ಲ ಪ್ರಾಣಿಗಳಿಗೂ ಅನ್ವಯಿಸಲಾಗದು ಎಂಬ ಪಾಠ ಇದರಿಂದ ಸ್ಪಷ್ಟವಾಯಿತು. ಆದರೂ ಉಷ್ಣತೆಯ ನಿಯಂತ್ರಣದಲ್ಲಿ ಮಿದುಳಿನ ಈ ರಾಸಾಯನಿಕಗಳಿಗೆ ಪಾತ್ರವಿದೆ ಎಂಬ ಮೂಲ ವಿಚಾರ ಉಳಿದುಕೊಂಡಿತು.

ಅರಿವಳಿಕೆ ಮತ್ತು ಮೈ ತಣ್ಣಗಾಗುವಿಕೆ

ಅರಿವಳಿಕೆ ಪಡೆದ ಪ್ರಾಣಿಯ ಮೈ ತಣ್ಣಗಾಗುವುದು ಹಳೆಯ ಅನುಭವ. ಚಲನೆ ಇಲ್ಲದಿರುವುದರಿಂದ ಹಾಗಾಗುತ್ತದೆ ಎಂದಷ್ಟೇ ಹೇಳಿದರೆ ಉತ್ತರ ಪೂರ್ಣವಾಗುವುದಿಲ್ಲ. ಫೆಲ್ಡ್‌ಬರ್ಗ್ ಮತ್ತು ಮೈಯರ್ಸ್ ೧೯೬೪ರಲ್ಲಿ ಅರಿವಳಿಕೆಯಲ್ಲಿರುವ ಬೆಕ್ಕುಗಳಲ್ಲಿ ಈ ಅಮೈನ್ ವಸ್ತುಗಳ ಪರಿಣಾಮವನ್ನು ಪರೀಕ್ಷಿಸಿದರು. ೧೯೬೫ರಲ್ಲಿ ಕ್ಲೋರಲೋಸ್ ಎಂಬ ಅರಿವಳಿಕೆ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಹೈಪೊಥಾಲಮಸ್‌ಗೇ ಸೇರಿಸಿ, ಅಷ್ಟರಿಂದಲೇ ಉಷ್ಣತೆ ಇಳಿಯುವುದನ್ನು ತೋರಿಸಿದರು. ಅಂದರೆ ಔಷಧವು ಇಡೀ ದೇಹಕ್ಕೆ ಹರಡಬೇಕಾಗಿಲ್ಲ. ಉಷ್ಣತೆಯನ್ನು ಕಾಯುವ ಕೇಂದ್ರದ ಮೇಲೆಯೇ ಅದು ಕೆಲಸ ಮಾಡುತ್ತದೆ. ಅರಿವಳಿಕೆಯ ಔಷಧಗಳು ಅಲ್ಲಿನ ಅಮೈನ್‌ಗಳ ಬಿಡುಗಡೆಯನ್ನು ಬದಲಿಸುವುದರಿಂದ ಮೈ ತಣ್ಣಗಾಗಬಹುದೇ ಎಂಬ ಪ್ರಶ್ನೆಯನ್ನು ಈ ಪ್ರಯೋಗಗಳು ಮುಂದಿಟ್ಟವು.

ಅರಿವಳಿಕೆ ಔಷಧಗಳ ಕುರಿತ ಅವರ ಆಸಕ್ತಿ ಉಷ್ಣತೆಗೆ ಸೀಮಿತವಾಗಿರಲಿಲ್ಲ. ಬ್ರೆಜಿಲ್‌ನ ಪೆಡ್ರೊ ಗೆರ್ಟ್‌ಜೆನ್‌ಸ್ಟೈನ್ ಅವರೊಡನೆ ೧೯೭೨ರಲ್ಲಿ, ಪೆಂಟೊಬಾರ್ಬಿಟೋನ್ ಔಷಧವನ್ನು ಮಿದುಳುಕಾಂಡದ ಕೆಳಮೈಗೆ ಸೋಕಿಸಿದರೆ ರಕ್ತದೊತ್ತಡ ಇಳಿಯುತ್ತದೆ ಎಂದು ತೋರಿಸಿದರು. ರಕ್ತದೊತ್ತಡವನ್ನು ಎತ್ತಿ ಹಿಡಿಯುವ ನರಕೋಶಗಳನ್ನು ಗುರುತಿಸಲು ಇದು ದಾರಿಯಾಯಿತು.

ಈ ವಿಷಯಕ್ಕೆ ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದಿನನಿತ್ಯದ ಮಹತ್ವವಿದೆ. ಎಚ್ಚರವಿರುವ ವ್ಯಕ್ತಿಯಲ್ಲಿ ಒಳ ಉಷ್ಣತೆ ಒಂದು ಡಿಗ್ರಿಯ ಅಲ್ಪಭಾಗದಷ್ಟು ಬದಲಾದರೂ ಹೈಪೊಥಾಲಮಸ್ ಪ್ರತಿಕ್ರಿಯಿಸುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಈ ಅಂತರವು ಸುಮಾರು ೨ರಿಂದ ೪ ಡಿಗ್ರಿಯವರೆಗೆ ಹಿಗ್ಗುತ್ತದೆ. ರಕ್ತನಾಳಗಳು ಹಿಗ್ಗಿ ಒಡಲಿನ ಶಾಖವು ಕೈಕಾಲುಗಳತ್ತ ಹರಿಯುವುದರಿಂದ ಮೊದಲ ಒಂದು ಗಂಟೆಯಲ್ಲಿಯೇ ಉಷ್ಣತೆ ಸುಮಾರು ೧ರಿಂದ ೧.೫ ಡಿಗ್ರಿ ಇಳಿಯಬಹುದು. ಇದರಿಂದ ರಕ್ತಸ್ರಾವ ಹೆಚ್ಚುವ, ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಇರುವುದರಿಂದ ಬಿಸಿಗಾಳಿಯ ಹೊದಿಕೆಗಳನ್ನು ಬಳಸುತ್ತಾರೆ. ಎಚ್ಚರವಾಗುವಾಗ ರೋಗಿಗಳಿಗೆ ಬರುವ ನಡುಕವನ್ನು ತಗ್ಗಿಸಲು ಪೆಥಿಡಿನ್, ಕ್ಲೊನಿಡಿನ್, ಆಂಡಾನ್‌ಸೆಟ್ರಾನ್ ಮೊದಲಾದವನ್ನು ಉಪಯೋಗಿಸುತ್ತಾರೆ. ಇವುಗಳಲ್ಲಿ ಕ್ಲೊನಿಡಿನ್ ನಾರ್‌ಅಡ್ರಿನಲಿನ್ನಿನ ಗ್ರಾಹಕಗಳ ಮೇಲೂ, ಆಂಡಾನ್‌ಸೆಟ್ರಾನ್ ಸೆರೊಟೋನಿನ್ನಿನ ಗ್ರಾಹಕಗಳ ಮೇಲೂ ವರ್ತಿಸುತ್ತವೆ. ಬೆಕ್ಕುಗಳಲ್ಲಿ ಫೆಲ್ಡ್‌ಬರ್ಗ್ ಪರೀಕ್ಷಿಸಿದ ಎರಡು ವಸ್ತುಗಳೂ ಇವೇ ಆಗಿದ್ದವು.

ಜ್ವರದ ಸಂಶೋಧನೆ

೧೯೭೦ರಲ್ಲಿ ಲಂಡನ್ನಿನ ಮಿಲ್ಟನ್ ಮತ್ತು ವೆಂಟ್‌ಲಾಂಟ್ ಅವರು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಬೆಕ್ಕಿನ ಮಿದುಳಿನ ಕುಹರಕ್ಕೆ ಸೇರಿಸಿ ಜ್ವರ ಬರುವುದನ್ನು ಕಂಡರು. ಫೆಲ್ಡ್‌ಬರ್ಗ್ ಅವರು ಭಾರತದ ಔಷಧಶಾಸ್ತ್ರಜ್ಞ ಪಿ. ಎನ್. ಸಕ್ಸೇನಾ ಅವರೊಡನೆ ೧೯೭೧ರಲ್ಲಿ ಬೆಕ್ಕು, ಮೊಲ ಮತ್ತು ಇಲಿಗಳಲ್ಲಿಯೂ ಈ ಪರಿಣಾಮವನ್ನು ತೋರಿಸಿದರು. ಅಮೈನ್‌ಗಳಲ್ಲಿ ಕಂಡ ವಿರೋಧ ಇಲ್ಲಿ ಇರಲಿಲ್ಲ. ಮೂರೂ ಪ್ರಾಣಿಗಳಲ್ಲಿ ಉಷ್ಣತೆ ಏರಿತು. ಅದೇ ವರ್ಷ ಜಾನ್ ವೇನ್ ಅವರು ಆಸ್ಪಿರಿನ್ ಔಷಧವು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ಪ್ರಕಟಿಸಿದರು. ಸೂಕ್ಷ್ಮಜೀವಿಗಳ ಅಂಶದಿಂದ ಜ್ವರ ಬಂದ ಬೆಕ್ಕುಗಳ ಮಿದುಳಿನ ದ್ರವದಲ್ಲಿ ಪ್ರೊಸ್ಟಗ್ಲಾಂಡಿನ್ ಹೆಚ್ಚುವುದನ್ನೂ, ಪ್ಯಾರಾಸಿಟಮಾಲ್‌ನಂತಹ ಜ್ವರಹಾರಿಗಳಿಂದ ಅದು ತಗ್ಗುವುದನ್ನೂ ಫೆಲ್ಡ್‌ಬರ್ಗ್ ಮತ್ತು ಸಹೋದ್ಯೋಗಿಗಳು ೧೯೭೩ರಲ್ಲಿ ತೋರಿಸಿದರು. ಜ್ವರದ ಮಾತ್ರೆ ಮೈ ಬಿಸಿಯನ್ನು ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಹೀಗೆ ಖಚಿತವಾದ ಉತ್ತರ ರೂಪುಗೊಂಡಿತು.

ಪ್ರತಿಷ್ಠಾನ ಮತ್ತು ಗೌರವಗಳು

ಯುದ್ಧಾನಂತರ ಜರ್ಮನ್ ಸರ್ಕಾರವು ನಾಜಿ ಆಡಳಿತದಿಂದ ಹುದ್ದೆ ಕಳೆದುಕೊಂಡವರಿಗೆ ಪರಿಹಾರ ನೀಡಿತು. ಫೆಲ್ಡ್‌ಬರ್ಗ್ ತಮಗೆ ಬಂದ ಹಣವನ್ನು ಇಟ್ಟುಕೊಳ್ಳದೆ ೧೯೬೧ರಲ್ಲಿ ಫೆಲ್ಡ್‌ಬರ್ಗ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಪ್ರತಿವರ್ಷ ಜರ್ಮನಿಯ ವಿಜ್ಞಾನಿಯೊಬ್ಬರು ಬ್ರಿಟನ್ನಿನಲ್ಲಿಯೂ, ಬ್ರಿಟನ್ನಿನ ವಿಜ್ಞಾನಿಯೊಬ್ಬರು ಜರ್ಮನಿಯಲ್ಲಿಯೂ ಉಪನ್ಯಾಸ ನೀಡುವ ವ್ಯವಸ್ಥೆಯನ್ನು ಇದು ನಡೆಸುತ್ತದೆ. ತಮ್ಮನ್ನು ಹೊರಹಾಕಿದ ದೇಶಕ್ಕೂ ಆಶ್ರಯ ಕೊಟ್ಟ ದೇಶಕ್ಕೂ ನಡುವೆ ವಿದ್ವತ್ತಿನ ಸಂಬಂಧವನ್ನು ಮತ್ತೆ ಬೆಸೆಯುವುದು ಇದರ ಉದ್ದೇಶವಾಗಿತ್ತು.

ಅವರಿಗೆ ೧೯೬೩ರಲ್ಲಿ ಬ್ರಿಟಿಷ್ ಸರ್ಕಾರದ ಸಿಬಿಇ ಗೌರವ ದೊರೆಯಿತು. ೧೯೮೨ರಲ್ಲಿ ಪ್ರಕಟವಾದ ಕಿರುಗ್ರಂಥದಲ್ಲಿ ಅವರು ತಮ್ಮ ಐವತ್ತು ವರ್ಷಗಳ ಸಂಶೋಧನೆಯನ್ನು ಹಿಂದಿರುಗಿ ನೋಡಿದ್ದಾರೆ.

ಕೊನೆಯ ವರ್ಷಗಳು ಮತ್ತು ವಿವಾದ

ವಿಭಾಗದ ಹೊಣೆಯಿಂದ ಬಿಡುಗಡೆಯಾದ ಮೇಲೂ ಫೆಲ್ಡ್‌ಬರ್ಗ್ ಪ್ರಯೋಗಾಲಯವನ್ನು ಬಿಡಲಿಲ್ಲ. ೧೯೮೦ರ ದಶಕದಲ್ಲಿ ರಕ್ತದ ಸಕ್ಕರೆಯ ಅಂಶದ ಮೇಲೆ ಮಿದುಳಿನ ಪ್ರಭಾವವನ್ನು ಕುರಿತು ಪ್ರಯೋಗಗಳನ್ನು ಮುಂದುವರಿಸಿದರು. ೧೯೮೯–೯೦ರಲ್ಲಿ ಪ್ರಾಣಿಹಕ್ಕು ಕಾರ್ಯಕರ್ತರಿಬ್ಬರು ಅವರ ಪ್ರಯೋಗಾಲಯಕ್ಕೆ ಪ್ರವೇಶ ಪಡೆದು, ಮೊಲಗಳ ಮೇಲಿನ ಪ್ರಯೋಗಗಳನ್ನು ಚಿತ್ರೀಕರಿಸಿದರು. ಕೆಲವು ಪ್ರಾಣಿಗಳಿಗೆ ಸಾಕಷ್ಟು ಅರಿವಳಿಕೆ ಇರಲಿಲ್ಲ ಎಂಬುದು ಅವರ ಆರೋಪವಾಗಿತ್ತು. ೧೯೯೦ರಲ್ಲಿ ಪ್ರಯೋಗಗಳು ನಿಂತವು. ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ವಿಚಾರಣೆಯು ಅರಿವಳಿಕೆಯಲ್ಲಿ ಲೋಪಗಳಾಗಿದ್ದುದನ್ನೂ ಮೇಲ್ವಿಚಾರಣೆ ಸಾಲದಾಗಿದ್ದುದನ್ನೂ ಎತ್ತಿ ತೋರಿಸಿತು. ಆಗ ಅವರಿಗೆ ಎಂಬತ್ತೊಂಬತ್ತು ವರ್ಷ.

ಅರಿವಳಿಕೆಯ ಔಷಧಗಳು ಮಿದುಳಿನಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅರಿಯಲು ದೀರ್ಘಕಾಲ ದುಡಿದ ವಿಜ್ಞಾನಿಯ ವೃತ್ತಿ ಅರಿವಳಿಕೆಯ ಲೋಪದ ಆರೋಪದಲ್ಲಿ ಮುಗಿಯಿತು. ವೃದ್ಧ ಸಂಶೋಧಕರಿಗೆ ಪರವಾನಗಿ ನೀಡುವಲ್ಲಿ ಮತ್ತು ಅವರ ಕೆಲಸದ ಮೇಲೆ ನಿಗಾ ಇಡುವಲ್ಲಿ ಸಂಸ್ಥೆಗಳ ಹೊಣೆ ಏನು ಎಂಬ ಚರ್ಚೆಗೆ ಈ ಪ್ರಕರಣವು ಬ್ರಿಟನ್ನಿನಲ್ಲಿ ಕಾರಣವಾಯಿತು. ಫೆಲ್ಡ್‌ಬರ್ಗ್ ೧೯೯೩ರ ಅಕ್ಟೋಬರ್ ೨೩ರಂದು ಲಂಡನ್ನಿನಲ್ಲಿ ನಿಧನರಾದರು.

ಪ್ರಭಾವ

ಫೆಲ್ಡ್‌ಬರ್ಗ್ ಅವರ ಕಾರ್ಯವು ಮೂರು ಕ್ಷೇತ್ರಗಳಲ್ಲಿ ಉಳಿದಿದೆ. ಅಸಿಟೈಲ್‌ಕೋಲಿನ್ ಕುರಿತ ಪ್ರಯೋಗಗಳು ನರವಿಜ್ಞಾನದ ಪಠ್ಯಪುಸ್ತಕಗಳ ಮೂಲಪಾಠವಾಗಿವೆ. ಅಲರ್ಜಿಯ ಕ್ಷೇತ್ರದಲ್ಲಿ ಹಿಸ್ಟಮಿನ್ ಮತ್ತು ನಿಧಾನವಾಗಿ ವರ್ತಿಸುವ ವಸ್ತುವಿನ ಸಂಶೋಧನೆಯು ಹೊಸ ಔಷಧಗಳಿಗೆ ದಾರಿ ಮಾಡಿತು. ದೇಹೋಷ್ಣತೆಯ ವಿಷಯದಲ್ಲಿ ಅವರು ಮಂಡಿಸಿದ ಎರಡು ಅಮೈನ್‌ಗಳ ಸರಳ ಸಮತೋಲನವು ಇಂದು ಅದೇ ರೂಪದಲ್ಲಿ ಸ್ವೀಕೃತವಾಗಿಲ್ಲ. ಉಷ್ಣತೆಯ ನಿಯಂತ್ರಣದಲ್ಲಿ ಇನ್ನೂ ಅನೇಕ ರಾಸಾಯನಿಕಗಳು ಭಾಗವಹಿಸುತ್ತವೆ ಎಂಬುದು ತಿಳಿದಿದೆ. ಆದರೆ ಜ್ವರ, ನಡುಕ ಮತ್ತು ಅರಿವಳಿಕೆಯಲ್ಲಿ ಮೈ ತಣ್ಣಗಾಗುವಿಕೆ ಈ ಮೂರನ್ನೂ ಹೈಪೊಥಾಲಮಸ್‌ನ ರಸಾಯನಶಾಸ್ತ್ರದಿಂದ ವಿವರಿಸಬಹುದು ಎಂಬ ದೃಷ್ಟಿಯನ್ನು ರೂಪಿಸಿದವರಲ್ಲಿ ಅವರ ಹೆಸರು ಮುಖ್ಯವಾಗಿ ಉಲ್ಲೇಖಗೊಳ್ಳುತ್ತದೆ.